ಹಾರ್ವಿ ಮಿಲ್ಕ್ ಸಾಕ್ಷ್ಯಚಿತ್ರ: ಕೊಲೆಯ ಸುದ್ದಿಯ ಆಚೆಗೆ ಒಬ್ಬ ವಾರ್ಡ್ ಸದಸ್ಯನ ಕೆಲಸ

ಬೆಳಕಿಂಡಿ

ಗೆಳೆಯರೇ, ರಾಬ್ ಎಪ್‌ಸ್ಟೀನ್ ನಿರ್ದೇಶಿಸಿದ, 1984ರಲ್ಲಿ ತೆರೆಕಂಡು ಮರುವರ್ಷ ಅತ್ಯುತ್ತಮ ಸಾಕ್ಷ್ಯಚಿತ್ರವೆಂದು ಆಸ್ಕರ್ ಪಡೆದ ‘ದ ಟೈಮ್ಸ್ ಆಫ್ ಹಾರ್ವಿ ಮಿಲ್ಕ್’ ಚಿತ್ರವನ್ನು ಈ ವಾರ ನೋಡಿದೆ. ತಾನು ಸಲಿಂಗಿ ಎಂಬುದನ್ನು ಮುಚ್ಚಿಡದೆ ಮತ ಕೇಳಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಆಡಳಿತ ಮಂಡಳಿಗೆ ಗೆದ್ದು ಬಂದು, ಹನ್ನೊಂದು ತಿಂಗಳು ತುಂಬುವ ಮೊದಲೇ ಅದೇ ಮಂಡಳಿಯಲ್ಲಿ ಜೊತೆಗೆ ಕುಳಿತಿದ್ದವನ ಗುಂಡಿಗೆ ಬಲಿಯಾದ ಮನುಷ್ಯನ ಕಥೆ ಇದು. ಸೀನ್ ಪೆನ್ ನಟಿಸಿದ 2008ರ ಕಥಾಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದಕ್ಕಿಂತ ಬಹಳ ಮೊದಲೇ, ಕೊಲೆಯ ಗಾಯ ಇನ್ನೂ ಹಸಿಯಾಗಿದ್ದಾಗ ಮಾಡಿದ ಈ ಚಿತ್ರವನ್ನು ನೋಡಿದವರ ಅಭಿಪ್ರಾಯ ತಿಳಿಯುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಚಿತ್ರ ಆರಂಭವಾಗುವುದೇ ಸಾವಿನ ಸುದ್ದಿಯಿಂದ. 1978ರ ನವೆಂಬರ್ 27ರಂದು ಮಂಡಳಿಯ ಅಧ್ಯಕ್ಷೆ ಡಯಾನ್ ಫೈನ್‌ಸ್ಟೈನ್ ಸಿಟಿ ಹಾಲ್‌ನಲ್ಲಿ ಪತ್ರಕರ್ತರ ಎದುರು ನಿಂತು, ಮೇಯರ್ ಜಾರ್ಜ್ ಮೊಸ್ಕೋನಿ ಮತ್ತು ಸದಸ್ಯ ಹಾರ್ವಿ ಮಿಲ್ಕ್ ಇಬ್ಬರನ್ನೂ ಗುಂಡಿಟ್ಟು ಕೊಲ್ಲಲಾಗಿದೆ ಎಂದು ಹೇಳುತ್ತಾರೆ. ಸುತ್ತ ನಿಂತವರ ಬಾಯಿಂದ ಹೌಹಾರಿದ ಕೂಗು ಏಳುತ್ತದೆ. ಆ ಕೂಗು ಅಡಗುವವರೆಗೆ ಕಾದು, ಶಂಕಿತ ವ್ಯಕ್ತಿ ಸದಸ್ಯ ಡ್ಯಾನ್ ವೈಟ್ ಎಂದು ಅವರು ಸೇರಿಸುತ್ತಾರೆ. ಮುಂದೇನಾಗುತ್ತದೆ ಎಂಬ ಕುತೂಹಲವನ್ನು ನಿರ್ದೇಶಕರು ಮೊದಲ ನಿಮಿಷಗಳಲ್ಲಿಯೇ ಕೈಬಿಟ್ಟುಬಿಡುವುದರಿಂದ, ಉಳಿದ ಸುಮಾರು ಒಂದೂವರೆ ಗಂಟೆ ನಾವು ಕೊಲೆಗಾಗಿ ಕಾಯುತ್ತಾ ಕೂರುವುದಿಲ್ಲ. ಆ ಮನುಷ್ಯ ಬದುಕಿದ್ದಾಗ ಏನು ಮಾಡುತ್ತಿದ್ದ ಎಂಬುದನ್ನು ನೋಡುತ್ತೇವೆ. ನನ್ನ ಮಟ್ಟಿಗೆ ಚಿತ್ರದ ದೊಡ್ಡ ಶಕ್ತಿ ಇರುವುದು ಇಲ್ಲಿ.

ಅವರು ಮಾಡುತ್ತಿದ್ದದ್ದು ವಾರ್ಡ್ ರಾಜಕಾರಣ. ನ್ಯೂಯಾರ್ಕ್ ಕಡೆಯಿಂದ ಬಂದು, ಸಲಿಂಗಿಗಳು ಹೆಚ್ಚಾಗಿ ನೆಲೆಸತೊಡಗಿದ್ದ ಕ್ಯಾಸ್ಟ್ರೋ ಬೀದಿಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟುಕೊಂಡ ಮಿಲ್ಕ್ 1973ರಲ್ಲಿ ಸೋತರು, 1975ರಲ್ಲಿ ಸೋತರು, 1976ರಲ್ಲಿ ರಾಜ್ಯದ ಶಾಸನಸಭೆಗೆ ಸ್ಪರ್ಧಿಸಿ ಮತ್ತೆ ಸೋತರು. ಆವರೆಗೆ ಸದಸ್ಯರನ್ನು ಇಡೀ ನಗರದ ಮತದಾರರು ಒಟ್ಟಾಗಿ ಆರಿಸುತ್ತಿದ್ದರು. 1977ರಲ್ಲಿ ಒಂದೊಂದು ಬಡಾವಣೆಗೆ ಒಬ್ಬೊಬ್ಬ ಪ್ರತಿನಿಧಿ ಎಂಬ ಪದ್ಧತಿ ಜಾರಿಗೆ ಬಂದಾಗ, ಐದನೆಯ ಜಿಲ್ಲೆಯಿಂದ ಅವರು ಗೆದ್ದರು. ಅಂಗಡಿಯೇ ಅವರ ಚುನಾವಣಾ ಕಚೇರಿ. ಫಿಲ್ಮ್ ರೋಲ್ ತೊಳೆಸಲು ಬಂದವರು ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಂಡು ಹೋಗುವಂತಹ ಜಾಗ ಅದು. ಕೂರ್ಸ್ ಬಿಯರ್ ವಿರುದ್ಧ ಲಾರಿ ಚಾಲಕರ ಒಕ್ಕೂಟ ಬಹಿಷ್ಕಾರ ಹೂಡಿದಾಗ, ಸಲಿಂಗಿಗಳ ಬಾರ್‌ಗಳಿಂದ ಆ ಬಿಯರನ್ನು ಹೊರಹಾಕಿಸುವ ಹೊಣೆ ಹೊತ್ತ ಮಿಲ್ಕ್ ಪ್ರತಿಯಾಗಿ ಕೇಳಿದ್ದು, ಸಲಿಂಗಿಗಳಿಗೂ ಚಾಲಕರ ಕೆಲಸ ಕೊಡಬೇಕು ಎಂಬುದನ್ನು ಮಾತ್ರ.

ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದವರು ಜಿಮ್ ಎಲಿಯಟ್. ವಾಹನ ರಿಪೇರಿ ಕೆಲಸದ ಕಾರ್ಮಿಕ ಸಂಘದ ಮನುಷ್ಯ. ಸಲಿಂಗಿಗಳ ಬಗ್ಗೆ ತನಗೆ ಮೊದಲು ಎಂತಹ ತಾತ್ಸಾರ ಇತ್ತು ಎಂಬುದನ್ನು ಅವರು ಕ್ಯಾಮೆರಾ ಮುಂದೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಯಾರೂ ಅವರಿಗೆ ಉಪದೇಶ ಮಾಡಿ ಮನಸ್ಸು ಬದಲಿಸಲಿಲ್ಲ. ಕಾರ್ಮಿಕರ ಕೆಲಸಕ್ಕೆ ಆಗುವವನು ಇವನೇ ಎಂದು ಕಂಡಮೇಲೆ ಅವರ ತಾತ್ಸಾರ ತಾನಾಗಿ ಕರಗಿ ಹೋಯಿತು. ಚಿತ್ರದಲ್ಲಿ ಮಾತನಾಡುವವರು ಬೆರಳೆಣಿಕೆಯಷ್ಟು ಜನ: ಒಬ್ಬ ಶಾಲಾ ಶಿಕ್ಷಕ, ಚೀನೀ ಮೂಲದ ಒಬ್ಬ ಸಮುದಾಯ ನಾಯಕ, ಟಿ.ವಿ. ವರದಿಗಾರ್ತಿ, ಚುನಾವಣೆ ನಡೆಸಿಕೊಟ್ಟ ಯುವತಿ, ವಿಶ್ವವಿದ್ಯಾಲಯದ ಅಧ್ಯಾಪಕಿ. ಮಿಲ್ಕ್ ಅವರ ಮನೆಯವರನ್ನಾಗಲಿ, ಪ್ರೇಮಿಗಳನ್ನಾಗಲಿ ಕೂರಿಸಿ ಮಾತನಾಡಿಸಿಲ್ಲ. ಜೊತೆಯಲ್ಲಿ ಕೆಲಸ ಮಾಡಿದವರು ಮಾತ್ರ ಇದ್ದಾರೆ. ಆದ್ದರಿಂದಲೇ ಅವರ ಕಣ್ಣು ತುಂಬಿದಾಗ, ಒಬ್ಬ ಜನಪ್ರತಿನಿಧಿಯನ್ನು ಕಳೆದುಕೊಳ್ಳುವುದೆಂದರೆ ಏನು ಎಂಬುದು ನಮಗೆ ನಾಟುತ್ತದೆ.

ನಾಯಿ ಹೇಸಿಗೆಯ ಪ್ರಸಂಗವನ್ನು ಹೇಳದೆ ಇರಲಾರೆ. ಬೀದಿ, ಪಾರ್ಕುಗಳಲ್ಲಿ ನಾಯಿ ಮಾಡಿದ ಹೊಲಸನ್ನು ಸಾಕಿದವರೇ ಎತ್ತಬೇಕು ಎಂಬ ನಿಯಮ ತರಲು ಹೊರಟ ಮಿಲ್ಕ್, ಪತ್ರಕರ್ತರನ್ನು ಪಾರ್ಕಿಗೆ ಕರೆದು, ಹುಲ್ಲಿನ ಮೇಲೆ ಮಾತನಾಡುತ್ತಾ ನಡೆದು, ಕೊನೆಗೆ ಅದನ್ನೇ ತುಳಿದು ಬೂಟಿನ ಅಡಿಯನ್ನು ಕ್ಯಾಮೆರಾಗಳಿಗೆ ತೋರಿಸುತ್ತಾರೆ. ಹಕ್ಕುಗಳ ಹೋರಾಟಕ್ಕೆ ಇದು ಸಂಬಂಧವಿಲ್ಲದ್ದು ಎಂದು ಕೆಲವರಿಗೆ ಅನ್ನಿಸಬಹುದು. ಸಂಬಂಧವಿದೆ ಎಂಬುದೇ ನನ್ನ ನಂಬಿಕೆ. ಬೀದಿಯ ಸಣ್ಣ ತೊಂದರೆಯನ್ನು ಸರಿಪಡಿಸುವವನು ಎಂದು ಹೆಸರಾದವನನ್ನು, ಅವನು ಯಾರನ್ನು ಪ್ರೀತಿಸುತ್ತಾನೆ ಎಂಬ ಕಾರಣಕ್ಕೆ ದೂರ ತಳ್ಳುವುದು ಆ ಬೀದಿಯ ಜನರಿಗೆ ಕಷ್ಟ.

ವಿಚಾರಣೆಯ ಭಾಗ ನನಗೆ ಪೂರ್ತಿ ಅರ್ಥವಾಗಲಿಲ್ಲ. ಕಾನೂನು ಬಲ್ಲವರು ದಯವಿಟ್ಟು ವಿವರಿಸಬೇಕು.

ಕರಿಕೋಟು

ಬೆಳಕಿಂಡಿಯವರೇ, ವಕೀಲಿ ವೃತ್ತಿಯಲ್ಲಿರುವುದರಿಂದ ನಾನು ಈ ಚಿತ್ರವನ್ನು ಹಲವು ಸಲ ನೋಡಿದ್ದೇನೆ. ಪ್ರತಿ ಸಲವೂ ವಿಚಾರಣೆಯ ಭಾಗ ಬಂದಾಗ ಮನಸ್ಸು ಕಹಿಯಾಗುತ್ತದೆ.

ಮೊದಲು ಘಟನೆಗಳ ಕ್ರಮ. ಪೊಲೀಸ್ ಕೆಲಸದಲ್ಲಿಯೂ ಅಗ್ನಿಶಾಮಕ ದಳದಲ್ಲಿಯೂ ಇದ್ದ ಡ್ಯಾನ್ ವೈಟ್ 1977ರಲ್ಲಿಯೇ ಮಂಡಳಿಗೆ ಆಯ್ಕೆಯಾದವರು. ಸಲಿಂಗಿಗಳ ವಿರುದ್ಧದ ತಾರತಮ್ಯವನ್ನು ತಡೆಯುವ ನಿಯಮ ಮಂಡಳಿಯಲ್ಲಿ ಮತಕ್ಕೆ ಬಂದಾಗ ವಿರೋಧಿಸಿದ ಒಂದೇ ಮತ ಅವರದ್ದು. ಸಂಬಳ ಸಾಲದು ಎಂದು 1978ರ ನವೆಂಬರ್ 10ರಂದು ರಾಜೀನಾಮೆ ಕೊಟ್ಟರು; ಕೆಲವೇ ದಿನಗಳಲ್ಲಿ ಹುದ್ದೆ ಮರಳಿ ಬೇಕೆಂದರು. ಮೇಯರ್ ಮೊದಲು ಒಲವು ತೋರಿ ಆಮೇಲೆ ಆಗದು ಎಂದು ನಿರ್ಧರಿಸಿದರು. ನವೆಂಬರ್ 27ರ ಬೆಳಿಗ್ಗೆ ವೈಟ್ ರಿವಾಲ್ವರ್ ಮತ್ತು ಹೆಚ್ಚುವರಿ ಗುಂಡುಗಳನ್ನು ಇಟ್ಟುಕೊಂಡು, ಬಾಗಿಲಿನ ಲೋಹ ಶೋಧಕವನ್ನು ತಪ್ಪಿಸಲು ನೆಲಮಾಳಿಗೆಯ ಕಿಟಕಿಯಿಂದ ಒಳಹೊಕ್ಕರು; ಮೇಯರನ್ನು ಕೊಂದು, ರಿವಾಲ್ವರಿಗೆ ಮತ್ತೆ ಗುಂಡು ತುಂಬಿ, ಕಟ್ಟಡದ ಇನ್ನೊಂದು ಬದಿಗೆ ನಡೆದು ಹೋಗಿ ಮಿಲ್ಕ್ ಅವರನ್ನು ಕೊಂದರು. ಗುಂಡು ಮರುತುಂಬಿದ ಈ ಒಂದು ಸಂಗತಿಯೇ ಪೂರ್ವಯೋಚನೆಗೆ ಸಾಕ್ಷಿಯಾಗಬೇಕಿತ್ತು ಎಂದು ಯಾವ ವಕೀಲನಿಗೂ ಅನ್ನಿಸುತ್ತದೆ.

ಹಾಗಾಗಲಿಲ್ಲ. ಆಗ ಕ್ಯಾಲಿಫೋರ್ನಿಯಾದಲ್ಲಿ ಚಾಲ್ತಿಯಲ್ಲಿದ್ದ ಒಂದು ತತ್ತ್ವದ ಪ್ರಕಾರ, ಆರೋಪಿ ಹುಚ್ಚನಲ್ಲದಿದ್ದರೂ, ಅವನ ಮಾನಸಿಕ ಸ್ಥಿತಿ ಕುಗ್ಗಿದ್ದು ಕೊಲ್ಲುವ ಸಂಕಲ್ಪವನ್ನು ತಾಳುವ ಶಕ್ತಿ ಅವನಿಗೆ ಇರಲಿಲ್ಲ ಎಂದು ತೋರಿಸಿದರೆ, ಅಪರಾಧದ ದರ್ಜೆ ಇಳಿಯುತ್ತಿತ್ತು. ವೈಟ್ ತೀವ್ರ ಖಿನ್ನತೆಯಲ್ಲಿದ್ದರು ಎಂಬುದು ರಕ್ಷಣಾ ಪಕ್ಷದ ವಾದ. ದೇಹದ ಬಗ್ಗೆ ಕಾಳಜಿಯಿದ್ದ ಮನುಷ್ಯ ಸಿಹಿತಿಂಡಿ, ಕೋಕಾ ಕೋಲಾಗಳ ಮೇಲೆ ದಿನ ಕಳೆಯುತ್ತಿದ್ದ ಎಂಬುದನ್ನು ಆ ಖಿನ್ನತೆಯ ಲಕ್ಷಣವೆಂದು ಮನೋವೈದ್ಯರೊಬ್ಬರು ಹೇಳಿದರು. ‘ತಿಂಡಿ ತಿಂದು ಕೊಲೆ ಮಾಡಿದೆ ಎಂದು ವಾದಿಸಿ ಪಾರಾದ’ ಎಂದು ಪತ್ರಿಕೆಗಳ ಮೂಲಕ ಹರಡಿದ ಕಥೆ ಅಷ್ಟು ಸರಿಯಲ್ಲ. ತಿಂಡಿಯ ಮಾತು ಇಡೀ ವಾದದಲ್ಲಿ ಒಂದು ಚೂರು ಮಾತ್ರ.

ನನ್ನ ದೃಷ್ಟಿಯಲ್ಲಿ ತೂಕ ಬಿದ್ದದ್ದು ಬೇರೆ ಕಡೆ. ವೈಟ್ ಅವರ ತಪ್ಪೊಪ್ಪಿಗೆಯ ಧ್ವನಿಮುದ್ರಿಕೆಯನ್ನು ಪ್ರಾಸಿಕ್ಯೂಷನ್ ನ್ಯಾಯಾಲಯದಲ್ಲಿ ಕೇಳಿಸಿತು. ಅದನ್ನು ದಾಖಲಿಸಿಕೊಂಡ ಪೊಲೀಸ್ ಅಧಿಕಾರಿ ಆರೋಪಿಯ ಹಳೆಯ ಪರಿಚಯಸ್ಥ. ಕುಸಿದು ಅಳುವ ಆ ದನಿ ಕೇಳಿ ಜ್ಯೂರಿಯಲ್ಲಿದ್ದ ಕೆಲವರು ತಾವೂ ಅತ್ತರು. ಶಿಕ್ಷೆ ಕೊಡಿಸಬೇಕಾಗಿದ್ದ ಸಾಕ್ಷ್ಯವೇ ಕರುಣೆ ಹುಟ್ಟಿಸಿಬಿಟ್ಟಿತು. ಚಿತ್ರದಲ್ಲಿ ಆ ಮುದ್ರಿಕೆಯ ತುಣುಕನ್ನು ಕೇಳುವಾಗ, ಸತ್ತ ಇಬ್ಬರ ದನಿ ಆ ಕೋಣೆಯಲ್ಲಿ ಇರಲೇ ಇಲ್ಲ ಎಂಬ ಅರಿವು ನನ್ನನ್ನು ಬಾಧಿಸುತ್ತದೆ. 1979ರ ಮೇ 21ರಂದು ಬಂದ ತೀರ್ಪು ಕೊಲೆಯದ್ದಲ್ಲ, ಅದಕ್ಕಿಂತ ಕೆಳಗಿನ ನರಹತ್ಯೆಯದ್ದು. ನಮ್ಮಲ್ಲಿ 2024ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 304ನೆಯ ಕಲಮಿಗೆ ಹತ್ತಿರವಾದದ್ದು. ಶಿಕ್ಷೆ ಏಳು ವರ್ಷ ಎಂಟು ತಿಂಗಳು. ಅದರಲ್ಲಿ ಸುಮಾರು ಐದು ವರ್ಷ ಕಳೆದು 1984ರ ಜನವರಿಯಲ್ಲಿ ಬಿಡುಗಡೆ. ಅಂದರೆ ಈ ಚಿತ್ರ ತೆರೆಗೆ ಬಂದಾಗ ಕೊಂದವನು ಹೊರಗೆ ಓಡಾಡಿಕೊಂಡಿದ್ದ. ಮೇಯರೊಬ್ಬರೇ ಸತ್ತಿದ್ದರೆ ಶಿಕ್ಷೆ ಹೀಗಿರುತ್ತಿರಲಿಲ್ಲ ಎಂಬ ಮಾತು ಚಿತ್ರದಲ್ಲಿ ಬರುತ್ತದೆ. ಅದು ಕೋಪದ ಮಾತು ಎಂದು ಬದಿಗೆ ಸರಿಸಲು ನನ್ನಿಂದ ಸಾಧ್ಯವಾಗಿಲ್ಲ.

ಆ ರಾತ್ರಿ ಸಿಟಿ ಹಾಲ್ ಮುಂದೆ ಜನ ದಂಗೆಯೆದ್ದು ಪೊಲೀಸ್ ಕಾರುಗಳಿಗೆ ಬೆಂಕಿ ಹಚ್ಚಿದರು. ಆಮೇಲೆ ಪೊಲೀಸರು ಕ್ಯಾಸ್ಟ್ರೋ ಬೀದಿಯ ಬಾರ್ ಒಂದಕ್ಕೆ ನುಗ್ಗಿ ಅಲ್ಲಿದ್ದವರನ್ನು ಹೊಡೆದರು. ಮಾನಸಿಕ ಶಕ್ತಿ ಕುಗ್ಗಿತ್ತು ಎಂಬ ಆ ವಾದವನ್ನು ಕೆಲವೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾ ತನ್ನ ಕಾನೂನಿನಿಂದ ತೆಗೆದುಹಾಕಿತು. ವೈಟ್ 1985ರ ಅಕ್ಟೋಬರಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ಮಲೆನಾಡಿಗ

ಇಬ್ಬರ ಬರಹವೂ ಚೆನ್ನಾಗಿದೆ. ಆದರೆ ಚಿತ್ರವನ್ನು ಹೊಗಳುವಾಗ ಅದು ಬಿಟ್ಟುಬಿಟ್ಟದ್ದನ್ನೂ ನೋಡಬೇಕು ಎಂಬುದು ನನ್ನ ವಿನಂತಿ. ಕೊಲೆಗೆ ಒಂಬತ್ತು ದಿನ ಮೊದಲು, ನವೆಂಬರ್ 18ರಂದು, ಗಯಾನಾದ ಜೋನ್ಸ್‌ಟೌನ್‌ನಲ್ಲಿ ಪೀಪಲ್ಸ್ ಟೆಂಪಲ್ ಪಂಥದ ಒಂಬೈನೂರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಆ ಪಂಥದ ನೆಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯೇ ಇತ್ತು. ನಗರದ ರಾಜಕಾರಣಿಗಳು ಅದರ ಕಾರ್ಯಕರ್ತರ ಬಲವನ್ನು ಚುನಾವಣೆಗಳಲ್ಲಿ ಬಳಸಿಕೊಂಡಿದ್ದರು. ಮೊಸ್ಕೋನಿಯವರೂ ಮಿಲ್ಕ್ ಅವರೂ ಇದಕ್ಕೆ ಹೊರತಲ್ಲ. ಮಿಲ್ಕ್ ಆ ಪಂಥದ ಪರವಾಗಿ ಪತ್ರಗಳನ್ನೂ ಬರೆದಿದ್ದರು. ನವೆಂಬರ್ 27ರಂದು ಆ ನಗರ ಎಂತಹ ಆಘಾತದ ಮೇಲೆ ಮತ್ತೊಂದು ಆಘಾತ ಅನುಭವಿಸಿತು ಎಂಬುದು ಚಿತ್ರದಲ್ಲಿ ಸಾಕಷ್ಟು ಮೂಡಿಬರುವುದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. 1975ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಮೆರಿಕದ ಅಧ್ಯಕ್ಷ ಫೋರ್ಡ್ ಅವರ ಮೇಲೆ ಗುಂಡು ಹಾರಿಸಲು ಹೊರಟ ಮಹಿಳೆಯ ಕೈ ಹಿಡಿದೆಳೆದ ಮಾಜಿ ಸೈನಿಕ ಆಲಿವರ್ ಸಿಪಲ್ ಸಲಿಂಗಿಯಾಗಿದ್ದರು. ಅದು ಅವರ ತಂದೆತಾಯಿಗೆ ತಿಳಿದಿರಲಿಲ್ಲ. ಸಲಿಂಗಿಗಳಲ್ಲೂ ವೀರರಿದ್ದಾರೆ ಎಂದು ಜಗತ್ತು ನೋಡಲಿ ಎಂಬ ಉದ್ದೇಶದಿಂದ ಮಿಲ್ಕ್ ಈ ವಿಷಯವನ್ನು ಪತ್ರಿಕೆಯ ಅಂಕಣಕಾರರೊಬ್ಬರ ಕಿವಿಗೆ ಹಾಕಿದರು ಎಂದು ವರದಿಗಳಿವೆ. ಸಿಪಲ್ ಅವರ ತಾಯಿ ಮಗನೊಂದಿಗೆ ಮಾತು ಬಿಟ್ಟರು. ಸಿಪಲ್ ಪತ್ರಿಕೆಗಳ ಮೇಲೆ ಹೂಡಿದ ದಾವೆಯೂ ಬಿದ್ದುಹೋಯಿತು. ತನ್ನ ಬಗ್ಗೆ ಯಾರಿಗೆ, ಯಾವಾಗ ಹೇಳಬೇಕು ಎಂಬುದು ಆ ಮನುಷ್ಯನ ಹಕ್ಕಾಗಿತ್ತಲ್ಲವೇ?

ಹಲಗೆಬಳಪ

ನಾನು ಪ್ರೌಢಶಾಲೆಯ ಶಿಕ್ಷಕಿ. ಚಿತ್ರದಲ್ಲಿ ನನ್ನನ್ನು ಹಿಡಿದಿಟ್ಟದ್ದು, 1978ರಲ್ಲಿ ರಾಜ್ಯದ ಮತದಾರರ ಮುಂದೆ ಬಂದ ಪ್ರಸ್ತಾವ 6ರ ಭಾಗ. ಎಪ್‌ಸ್ಟೀನ್ ಮೊದಲು ಚಿತ್ರ ಮಾಡಲು ಹೊರಟದ್ದು ಆ ಪ್ರಸ್ತಾವದ ಬಗ್ಗೆಯೇ. ಕೊಲೆಯಾದ ಮೇಲೆ ಚಿತ್ರ ಮಿಲ್ಕ್ ಅವರ ಕಡೆಗೆ ತಿರುಗಿತು. ಜಾನ್ ಬ್ರಿಗ್ಸ್ ಎಂಬ ಸೆನೆಟರ್ ತಂದ ಆ ಪ್ರಸ್ತಾವ ಗೆದ್ದಿದ್ದರೆ, ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಿಂದ ಸಲಿಂಗಿ ಶಿಕ್ಷಕರನ್ನು ಮಾತ್ರವಲ್ಲ, ಅವರ ಪರವಾಗಿ ಬಹಿರಂಗವಾಗಿ ಮಾತನಾಡಿದ ಶಿಕ್ಷಕರನ್ನೂ ತೆಗೆದುಹಾಕಬಹುದಾಗಿತ್ತು. ಅಂದರೆ ಸಹೋದ್ಯೋಗಿಯ ಪರ ಎರಡು ಮಾತು ಆಡಿದ್ದಕ್ಕೆ ನನ್ನಂಥವಳ ಕೆಲಸವೂ ಹೋಗಬಹುದಾಗಿತ್ತು. ಮಿಲ್ಕ್ ಅವರ ಜೊತೆಗೂಡಿ ಅಧ್ಯಾಪಕಿ ಸ್ಯಾಲಿ ಗಿಯರ್‌ಹಾರ್ಟ್ ಟಿ.ವಿ. ಚರ್ಚೆಯಲ್ಲಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಬಹುಪಾಲು ಯಾರಿಂದ ನಡೆಯುತ್ತದೆ ಎಂದು ಅಂಕಿಅಂಶ ಮುಂದಿಟ್ಟು ಕೇಳುವಾಗ ಬ್ರಿಗ್ಸ್ ಅವರ ಬಳಿ ಉತ್ತರವಿರಲಿಲ್ಲ. ರಾಜ್ಯದ ಮಾಜಿ ಗವರ್ನರ್ ರೊನಾಲ್ಡ್ ರೇಗನ್ ಕೂಡ ಪ್ರಸ್ತಾವವನ್ನು ವಿರೋಧಿಸಿದರು. ನವೆಂಬರ್ 7ರಂದು ನೂರಕ್ಕೆ ಸುಮಾರು 58 ಮಂದಿ ಬೇಡ ಎಂದು ಮತ ಹಾಕಿದರು. ಇಪ್ಪತ್ತು ದಿನ ಕಳೆದ ಮೇಲೆ ಮಿಲ್ಕ್ ಇರಲಿಲ್ಲ.

ಚಿತ್ರದಲ್ಲಿ ಮಾತನಾಡುವ ಶಿಕ್ಷಕ ಟಾಮ್ ಅಮಿಯಾನೋ ಆಮೇಲೆ ಅದೇ ನಗರದ ಮಂಡಳಿಗೂ ರಾಜ್ಯದ ಶಾಸನಸಭೆಗೂ ಆಯ್ಕೆಯಾದರು ಎಂಬುದನ್ನು ಓದಿ ಸಂತೋಷವಾಯಿತು.

ಕೊಲ್ಲಿಯ ಕನ್ನಡಿಗ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ನೆಲೆಸಿರುವುದರಿಂದ ಒಂದೆರಡು ಸಂಗತಿ ಸೇರಿಸುತ್ತೇನೆ. ಮಿಲ್ಕ್ ಅವರನ್ನು ಗೆಲ್ಲಿಸಿದ ಬಡಾವಣೆವಾರು ಚುನಾವಣೆಯನ್ನು ಕೊಲೆಗಳಾದ ಬಳಿಕ 1980ರಲ್ಲಿ ನಗರದ ಮತದಾರರು ರದ್ದುಪಡಿಸಿದರು. ಅದು ಮರಳಿ ಬಂದದ್ದು 2000ದ ಚುನಾವಣೆಯಲ್ಲಿ. ಇಲ್ಲಿಯ ಹಳಬರು ಕೊಲೆಯ ಬಗ್ಗೆ ಮಾತನಾಡುವಾಗ ಈ ನಷ್ಟವನ್ನೂ ನೆನೆಯುತ್ತಾರೆ, ಏಕೆಂದರೆ 1977ರ ಅದೇ ಚುನಾವಣೆಯಲ್ಲಿ ಮಂಡಳಿಗೆ ಮೊದಲ ಕಪ್ಪು ಮಹಿಳೆಯೂ ಬಂದಿದ್ದರು. ಹಣವಿಲ್ಲದ ಅಭ್ಯರ್ಥಿ ಇಡೀ ನಗರ ಸುತ್ತಲಾರ; ತನ್ನ ಬೀದಿಗಳನ್ನು ಸುತ್ತಬಲ್ಲ.

ಇವತ್ತು ಇಲ್ಲಿಯ ವಿಮಾನ ನಿಲ್ದಾಣದ ಒಂದನೆಯ ಟರ್ಮಿನಲ್‌ಗೆ ಮಿಲ್ಕ್ ಅವರ ಹೆಸರಿದೆ. ಬೆಂಗಳೂರಿನಿಂದ ನಮ್ಮಲ್ಲಿಗೆ ಬರುವ ಬಂಧುಗಳು ಆ ಹೆಸರನ್ನು ನೋಡಿ ಇವರು ಯಾರು ಎಂದು ಕೇಳಿದ್ದುಂಟು. 1986ರಲ್ಲಿ ಇದೇ ಪ್ರದೇಶದಲ್ಲಿ ದಕ್ಷಿಣ ಏಷ್ಯಾ ಮೂಲದ ಸಲಿಂಗಿಗಳು ಟ್ರೈಕೋನ್ ಎಂಬ ಸಂಘಟನೆ ಕಟ್ಟಿಕೊಂಡರು. ಭಾರತದಿಂದ ಓದಲು, ದುಡಿಯಲು ಬಂದು, ಊರಲ್ಲಿ ಯಾರ ಬಳಿಯೂ ಹೇಳಿಕೊಳ್ಳಲಾಗದವರಿಗೆ ಅದು ಆಸರೆಯಾಯಿತು. ಕ್ಯಾಸ್ಟ್ರೋದಲ್ಲಿ ಮಿಲ್ಕ್ ಮತ್ತು ಅವರ ಜೊತೆಗಾರರು ನೆಲ ಹದ ಮಾಡದಿದ್ದರೆ ಅಷ್ಟು ಬೇಗ ಇಂತಹ ಸಂಘಟನೆ ಇಲ್ಲಿ ಬೇರೂರುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಮೊಸ್ಕೋನಿಯವರನ್ನೂ ಮರೆಯಬಾರದು. ಒಪ್ಪಿಗೆಯುಳ್ಳ ವಯಸ್ಕರ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಕಾನೂನನ್ನು ಕ್ಯಾಲಿಫೋರ್ನಿಯಾ 1975ರಲ್ಲಿ ತೆಗೆದುಹಾಕಿದಾಗ ರಾಜ್ಯ ಸೆನೆಟ್‌ನಲ್ಲಿ ಮತ ಕೂಡಿಸಿದವರು ಅವರು. ಚಿತ್ರದ ಹೆಸರಿನಲ್ಲಿ ಅವರಿಲ್ಲದಿದ್ದರೂ ಅಂದು ಸತ್ತವರು ಇಬ್ಬರು.

ಹೊಸ್ತಿಲು

ಮಲೆನಾಡಿಗರು ಎತ್ತಿದ ಪ್ರಶ್ನೆಗೆ ಉತ್ತರಿಸಬೇಕೆನ್ನಿಸಿತು, ಏಕೆಂದರೆ ಅದು ನನ್ನ ಬದುಕಿನ ಪ್ರಶ್ನೆ. ನಾನು ಸಲಿಂಗಿ. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 377ನೆಯ ಕಲಮಿನ ತೀರ್ಪು ಕೊಟ್ಟ ಮೇಲೂ ನಾನು ಅಮ್ಮನಿಗೆ ಹೇಳಿಲ್ಲ, ಅಕ್ಕನಿಗೆ ಹೇಳಿದ್ದೇನೆ. ಹೊರಬನ್ನಿ, ತಂದೆತಾಯಿಗೆ ಹೇಳಿ, ನೆರೆಯವರಿಗೆ ಹೇಳಿ, ಜೊತೆಯಲ್ಲಿ ಕೆಲಸ ಮಾಡುವವರಿಗೆ ಹೇಳಿ ಎಂದು ಮಿಲ್ಕ್ ಭಾಷಣದಲ್ಲಿ ಕರೆ ಕೊಡುವಾಗ ಮೈ ಜುಮ್ಮೆನ್ನುತ್ತದೆ, ಅದೇ ಹೊತ್ತಿನಲ್ಲಿ ಎದೆ ಹಿಂಡುತ್ತದೆ. ಪ್ರಸ್ತಾವ 6 ಸೋತದ್ದು ಆ ಕರೆಗೆ ಓಗೊಟ್ಟು ಸಾವಿರಾರು ಜನ ತಮ್ಮ ಮನೆಯವರಿಗೆ ಹೇಳಿಕೊಂಡದ್ದರಿಂದಲೇ ಎಂಬುದನ್ನು ನಾನು ನಂಬುತ್ತೇನೆ. ತನ್ನ ಮಗನ ವಿರುದ್ಧ, ತನ್ನ ಮಗಳ ಶಿಕ್ಷಕಿಯ ವಿರುದ್ಧ ಮತ ಹಾಕುವುದು ಸುಲಭವಲ್ಲ. ಆದರೆ ಕರೆ ಕೊಡುವುದು ಬೇರೆ, ಇನ್ನೊಬ್ಬನ ಪರವಾಗಿ ತಾನೇ ಹೇಳಿಬಿಡುವುದು ಬೇರೆ. ಸಿಪಲ್ ಅವರ ವಿಷಯದಲ್ಲಿ ನಡೆದದ್ದು ಅನ್ಯಾಯವೆಂದೇ ನನ್ನ ಮಾತು. ಅದು ಮಿಲ್ಕ್ ಅವರಿಂದ ಆಗಿದ್ದರೂ ಅನ್ಯಾಯವೇ.

ಆದರೂ ಚಿತ್ರದಲ್ಲಿ ಒಂದು ಕಡೆ ನಾನು ಮಿಲ್ಕ್ ಅವರಿಗೆ ಪೂರ್ತಿ ಸೋಲುತ್ತೇನೆ. ತನ್ನನ್ನು ಯಾರಾದರೂ ಕೊಲ್ಲಬಹುದು ಎಂದು ಅವರಿಗೆ ಗೊತ್ತಿತ್ತು. ಗೆದ್ದ ಕೆಲವೇ ದಿನಗಳಲ್ಲಿ, 1977ರ ನವೆಂಬರಿನಲ್ಲಿ, ತಾನು ಕೊಲೆಯಾದರೆ ಕೇಳಿಸಿ ಎಂದು ಒಂದು ಟೇಪ್ ಮಾಡಿಟ್ಟರು. ತನ್ನ ತಲೆಗೆ ಗುಂಡು ಹೊಕ್ಕರೆ ಅದೇ ಗುಂಡು ಮುಚ್ಚಿದ ಪ್ರತಿ ಬಾಗಿಲನ್ನೂ ಒಡೆಯಲಿ ಎಂದು ಅದರಲ್ಲಿ ಹೇಳುತ್ತಾರೆ. ಆ ದನಿಯಲ್ಲಿ ನಾಟಕವಿಲ್ಲ. ಕಚೇರಿಯ ಕೆಲಸ ವಹಿಸಿಕೊಡುವ ಧಾಟಿಯಲ್ಲಿ, ತನ್ನ ಸ್ಥಾನಕ್ಕೆ ಯಾರನ್ನು ನೇಮಿಸಬಹುದು, ಯಾರನ್ನು ನೇಮಿಸಬಾರದು ಎಂದೂ ಹೇಳಿಬಿಡುತ್ತಾರೆ. ಕೊಲೆಯಾದ ರಾತ್ರಿ ಕ್ಯಾಸ್ಟ್ರೋದಿಂದ ಸಿಟಿ ಹಾಲ್‌ವರೆಗೆ ಮಾರ್ಕೆಟ್ ಬೀದಿಯುದ್ದಕ್ಕೂ ಹತ್ತಾರು ಸಾವಿರ ಜನ ಮೇಣದಬತ್ತಿ ಹಿಡಿದು ನಡೆಯುವ ದೃಶ್ಯದ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ. ಅಷ್ಟು ಜನರ ನಡುವೆ ಅಂದು ಎಷ್ಟು ಮಂದಿ ಮೊದಲ ಬಾರಿಗೆ ಬೀದಿಯಲ್ಲಿ ತಮ್ಮ ಮುಖ ತೋರಿಸಿಕೊಂಡು ನಡೆದಿರಬಹುದು ಎಂದು ಯೋಚಿಸುತ್ತೇನೆ.

ಬೆಳಕಿಂಡಿ

ಹೊಸ್ತಿಲು ಅವರೇ, ಇಷ್ಟು ನೇರವಾಗಿ ಬರೆದಿದ್ದಕ್ಕೆ ನಿಮಗೆ ನಮಸ್ಕಾರ. ಅಮ್ಮನಿಗೆ ಹೇಳುವುದೂ ಹೇಳದಿರುವುದೂ ನಿಮಗೇ ಬಿಟ್ಟದ್ದು. ಆ ವಿಷಯದಲ್ಲಿ ಯಾವ ನಾಯಕನ ಮಾತೂ ನಿಮ್ಮ ಮಾತಿಗಿಂತ ದೊಡ್ಡದಲ್ಲ.

ಮಲೆನಾಡಿಗರು ಹೇಳಿದ ಕೊರತೆಗಳನ್ನು ಒಪ್ಪುತ್ತೇನೆ, ಚಿತ್ರದ ಮೇಲಿನ ನನ್ನ ಗೌರವ ಅದರಿಂದ ಕುಗ್ಗುವುದಿಲ್ಲ. 1984ರಲ್ಲಿ ಇದನ್ನು ಮಾಡಿದವರಿಗೆ ತುರ್ತಾಗಿ ಬೇಕಿದ್ದದ್ದು, ಹಂತಕನಿಗಾಗಿ ಅತ್ತ ನಗರಕ್ಕೆ ಕೊಲೆಯಾದವನ ಕೆಲಸವನ್ನು ಎದುರಿಗಿಟ್ಟು ತೋರಿಸುವುದು. ಕರಿಕೋಟು ಅವರು ಹೇಳಿದ ನ್ಯಾಯಾಲಯದಲ್ಲಿ ಕೇಳಿಬರದ ದನಿ ಈ ಚಿತ್ರದಲ್ಲಿ ಕೇಳುತ್ತದೆ. ತೀರ್ಪಿಗೆ ಎಪ್‌ಸ್ಟೀನ್ ಕೊಟ್ಟ ಉತ್ತರ ಅದು.

ಇನ್ನೊಂದು ವಿಷಯವನ್ನು ಯಾರಾದರೂ ಎತ್ತುತ್ತಾರೆಂದು ಕಾಯುತ್ತಿದ್ದೆ. ಚಿತ್ರ ಬಂದ ಹೊತ್ತಿಗೆ ಕ್ಯಾಸ್ಟ್ರೋದಲ್ಲಿ ಏಡ್ಸ್ ಹರಡಿ ಜನ ಸಾಯತೊಡಗಿದ್ದರು. ಚಿತ್ರದಲ್ಲಿ ಮಿಲ್ಕ್ ಅವರ ರಾಜಕೀಯವನ್ನು ಅಷ್ಟು ಚುರುಕಾಗಿ ವಿವರಿಸುವ ಬಿಲ್ ಕ್ರಾಸ್ 1986ರಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡರು. ಮಿಲ್ಕ್ ಅವರ ಕಚೇರಿಯಲ್ಲಿ ಕೆಲಸ ಕಲಿತ ಕ್ಲೀವ್ ಜೋನ್ಸ್, ಸತ್ತವರ ಹೆಸರು ಹೊಲಿದ ಬೃಹತ್ ಕೌದಿಯ ಯೋಚನೆ ಮಾಡಿದ್ದು 1985ರ ನವೆಂಬರಿನಲ್ಲಿ, ಮಿಲ್ಕ್ ಮತ್ತು ಮೊಸ್ಕೋನಿಯವರ ನೆನಪಿನ ಮೆರವಣಿಗೆಯ ಸಂದರ್ಭದಲ್ಲಿ. ಆ ಕೌದಿಯ ಬಗ್ಗೆ ಎಪ್‌ಸ್ಟೀನ್ ಅವರೇ ಜೆಫ್ರಿ ಫ್ರೀಡ್‌ಮನ್ ಜೊತೆಗೂಡಿ 1989ರಲ್ಲಿ ಇನ್ನೊಂದು ಸಾಕ್ಷ್ಯಚಿತ್ರ ಮಾಡಿದರು. ಹಲಗೆಬಳಪ ಮೇಡಂ, ಕರಿಕೋಟು ಸರ್, ನೀವು ಅದನ್ನು ನೋಡಿದ್ದರೆ ಬರೆಯಿರಿ. ಈ ಚಿತ್ರದ ಮುಂದಿನ ಭಾಗದಂತೆ ಅದನ್ನು ಓದಬಹುದೇ ಎಂಬ ಪ್ರಶ್ನೆ ನನಗಿದೆ.